ದೆವ್ವಕ್ಕೊಂದು ಬಾಕಿ, ಮನೆಗೊಂದು ನೇಮ: ಮೈಸೂರು–ಮಂಡ್ಯದ ನೆಲದಲ್ಲಿ ಭಯದ ಕಥೆ, ಕರಾಳ ಕವಿತೆ ಬರೆಯುವ ಬಗೆ

ಮೈಸೂರಿನವರೋ ಮಂಡ್ಯದವರೋ ದೆವ್ವದ ಕಥೆ ಬರೆಯಲು ಕುಳಿತರೆ ಮೊದಲು ಎಬ್ಬಿಸುವುದು ಒಂದು ಪಾಳುಬಂಗಲೆಯನ್ನು. ಅದಕ್ಕೊಂದು ಕಿರುಗುಟ್ಟುವ ಗೇಟು, ಆಮೇಲೆ ಬಿಳಿ ಸೀರೆ, ಬಿಚ್ಚಿದ ಕೂದಲು, ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು ಗಂಟೆ. ಸಿನಿಮಾದಿಂದ ಕಡ ತಂದ ಈ ಸಾಮಾನನ್ನು ಓದುಗ ಎಷ್ಟೋ ಸಲ ನೋಡಿ ಮುಗಿಸಿದ್ದಾನೆ. ಅವನಿಗೆ ಭಯವಾಗುವುದಿಲ್ಲ, ಆಕಳಿಕೆ ಬರುತ್ತದೆ. ಅದೇ ಓದುಗನ ಮನೆಯಲ್ಲಿ ಪಿತೃಪಕ್ಷ ಬಂದರೆ ಎಡೆ ಇಟ್ಟು ಬಾಗಿಲು ಮುಚ್ಚುತ್ತಾರೆ. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕರೆಗೆ ಮೊದಲು ಓಗೊಡಬೇಡ ಎಂದು ಅಜ್ಜಿ ಹೇಳಿಕೊಟ್ಟಿರುತ್ತಾಳೆ. ಒಂದು ಕಾಲದಲ್ಲಿ ಊರೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದವರು ನಾವೇ. ನಮ್ಮ ಕಡೆಯ ಭಯ ಇಂಥ ಕಟ್ಟುಪಾಡುಗಳ ಸಂದಿಯಲ್ಲಿ ಕುಳಿತಿದೆ.

ಆದ್ದರಿಂದ ನಾನು ಹೇಳುವುದರ ಹುರುಳು ಇಷ್ಟು. ದೆವ್ವಕ್ಕೆ ಒಂದು ಬಾಕಿ ಇರಬೇಕು, ಮನೆಗೆ ಒಂದು ನೇಮ ಇರಬೇಕು. ಬಾಕಿ ಏನೆಂದು ಬರೆಯುವವರಿಗೆ ಮೊದಲೇ ಗೊತ್ತಿರಬೇಕು, ನೇಮ ಏನೆಂದು ಓದುವವರಿಗೆ ಮೊದಲೇ ಗೊತ್ತಾಗಿರಬೇಕು. ಮಿಕ್ಕಿದ್ದು ಕಸುಬು.

ಹೆಜ್ಜೆ 1: ಬಾಕಿಯನ್ನು ಹುಡುಕಿ

ಸತ್ತವರು ಸುಮ್ಮನೆ ಬರುವುದಿಲ್ಲ. ಕೊಡಬೇಕಾದದ್ದನ್ನು ಕೊಡದೆ ಉಳಿಸಿಕೊಂಡವರ ಮನೆಗೆ ಬರುತ್ತಾರೆ. ಜಮೀನು, ಹೆಸರು, ಒಡವೆ, ಒಂದು ತುತ್ತು ಅನ್ನ, ಏನಾದರೂ ಆಗಬಹುದು. ಕಥೆಯ ಮೊದಲ ಸಾಲು ಬರೆಯುವ ಮೊದಲು ಒಂದು ಚೀಟಿಯಲ್ಲಿ ‘ಯಾರು, ಯಾರಿಗೆ, ಏನನ್ನು ಕೊಡಬೇಕಿತ್ತು’ ಎಂದು ಬರೆದುಕೊಳ್ಳಿ. ಈ ಚೀಟಿ ಬರೆಯಲು ಆಗದಿದ್ದರೆ ಕಥೆ ಇನ್ನೂ ಹುಟ್ಟಿಲ್ಲ.

ಬಾಕಿಗಾಗಿ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲನ್ನೇ ನೋಡಿ. ಕ್ರಿ.ಶ. 949–50ರ ಈ ಶಾಸನ ಒಂದು ನಾಯಿಯ ನೆನಪಿಗೆ ನಿಲ್ಲಿಸಿದ್ದು. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನಿಂದ ಕೇಳಿ ಪಡೆದದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ನಾಯಿ, ಹಂದಿ ಎರಡೂ ಸತ್ತವು. ಮಣಲೇರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಹೇಳುತ್ತದೆ. ಬಾಕಿಯೂ ಇದೆ, ನೇಮವೂ ಇದೆ, ತಪ್ಪಿದರೆ ಏನಾಗುತ್ತದೆಂಬ ಮಾತೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಾಗಾದರೆ ಪೂಜೆ? ಆ ಭೂಮಿಯಲ್ಲಿ ಬೆಳೆದದ್ದನ್ನು ಉಣ್ಣುತ್ತಿರುವವರು ಯಾರು? ಸಾವಿರ ವರ್ಷ ಹಳೆಯ ಕಲ್ಲೊಂದು ಇಂದಿನ ಕಥೆಗೆ ಇದಕ್ಕಿಂತ ಏನು ಕೊಡಬೇಕು!

ಇನ್ನೊಂದು ಬಾಕಿ ನೀರಿನೊಳಗಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಹಳೆಯ ಕನ್ನಂಬಾಡಿ ಊರು ಮುಳುಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣುತ್ತಿತ್ತು. ಎಷ್ಟೋ ಕಾಲದ ಮೇಲೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ದೇವರನ್ನು ಮೇಲೆ ತಂದರು, ಸರಿ. ಊರಗಡಿಯಲ್ಲಿ ಹೆಸರಿಲ್ಲದೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ ಕಲ್ಲುಗಳನ್ನು? ಅವನ್ನು ಯಾರು ಕರೆದರು? ಈ ಪ್ರಶ್ನೆಯನ್ನು ಯಾರು ಬೇಕಾದರೂ ತೆಗೆದುಕೊಂಡು ಕಥೆ ಬರೆಯಬಹುದು, ನನ್ನ ತಕರಾರಿಲ್ಲ.

ಹೆಜ್ಜೆ 2: ನೇಮವನ್ನು ಬೇಗ ಹೇಳಿಬಿಡಿ

ನೇಮ ಮುರಿದಾಗ ಓದುಗನ ಎದೆ ಧಸಕ್ಕೆನ್ನಬೇಕಾದರೆ ಆ ನೇಮ ಅವನಿಗೆ ಮೊದಲೇ ತಿಳಿದಿರಬೇಕು. ಮೊದಲ ಎರಡು ಪ್ಯಾರಾದೊಳಗೆ ಅದನ್ನು ಹೇಳಿ. ಹೇಳುವಾಗ ಗುಡುಗು ಮಿಂಚು ಬೇಡ, ಒಗ್ಗರಣೆಯ ಮಧ್ಯೆ ಅತ್ತೆ ಸೊಸೆಗೆ ಹೇಳುವ ಮಾತಿನ ಹಾಗೆ ಹೇಳಿ.

ಇಲ್ಲಿಂದ ಮುಂದೆ ಒಂದೇ ಕಥೆಯನ್ನು ಹಿಡಿದು ನಡೆಯೋಣ. ಪಾಂಡವಪುರದ ಕಡೆಯ ಒಂದು ಮನೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ. ಅವರವರಿಗೆ ಇಷ್ಟವಾದದ್ದನ್ನು ಅವರವರ ಎಲೆಗೆ ಬಡಿಸುತ್ತಾರೆ: ಮುದ್ದೆ, ಸಾರು, ಪಾಯಸ, ವಡೆ, ತಾತನಿಗೆ ಒಂದು ಕಟ್ಟು ಬೀಡಿ. ಧೂಪ ಹಾಕಿ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಜಗಲಿಯ ಮೇಲೆ ಕೂರುತ್ತಾರೆ. ಒಳಗಿನಿಂದ ಏನು ಸದ್ದು ಕೇಳಿದರೂ ಹೊತ್ತಿಗೆ ಮೊದಲು ಬಾಗಿಲು ತೆರೆಯಬಾರದು. ಇದು ನೇಮ. ಬಾಕಿ ಏನೆಂದರೆ, ಮೂವತ್ತು ವರ್ಷದ ಹಿಂದೆ ಜಗಳವಾಡಿ ಮುಂಬಯಿಗೆ ಹೋದ ಚಿಕ್ಕಪ್ಪ ತಿರುಗಿ ಬಂದಿಲ್ಲ. ಅವನ ಪಾಲಿನ ಗದ್ದೆಯನ್ನು ಅಪ್ಪ ಮಾರಿದ್ದಾನೆ, ಕ್ರಯಪತ್ರದಲ್ಲಿ ಯಾರದೋ ಹೆಬ್ಬೆಟ್ಟು ಒತ್ತಿಸಿ. ಚಿಕ್ಕಪ್ಪ ಬದುಕಿದ್ದಾನೆಂದೇ ಮನೆಯವರ ಲೆಕ್ಕ, ಹಾಗಾಗಿ ಅವನಿಗೆ ಎಲೆ ಇಲ್ಲ. ಅವನು ಎಡಚ.

ಗಮನಿಸಿ, ಚಿಕ್ಕಪ್ಪ ಎಡಚ ಎಂಬುದನ್ನು ಕಥೆಯಲ್ಲಿ ಯಾವುದೋ ತಮಾಷೆಯ ಪ್ರಸಂಗದಲ್ಲಿ, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಕಡೆ ಇಡಬೇಕು. ಮದುವೆ ಪಂಕ್ತಿಯಲ್ಲಿ ಎಡಗೈಯಲ್ಲಿ ಉಂಡು ಬೈಸಿಕೊಂಡ ಎಂಬಂಥ ಕಡೆ. ಹೆಬ್ಬೆಟ್ಟಿನ ವಿಚಾರ ಇನ್ನೆಲ್ಲೋ ದೂರದಲ್ಲಿರಲಿ. ಇವೆರಡನ್ನೂ ಒಂದೇ ಪುಟದಲ್ಲಿ ಇಟ್ಟರೆ ಓದುಗ ಮುಂಚೆಯೇ ಲೆಕ್ಕ ಮುಗಿಸಿ ಕೈ ಕಟ್ಟಿ ಕುಳಿತುಬಿಡುತ್ತಾನೆ.

ಹೆಜ್ಜೆ 3: ಹೊರಗೆ ಹೋಗಲು ಕಾರಣ, ಓಡಿಹೋಗದಿರಲು ಕಾರಣ

‘ಏನೋ ಸದ್ದು ಕೇಳಿತು, ನೋಡೋಣವೆಂದು ಹೊರಟ’ ಎಂದು ಬರೆದ ಕೂಡಲೇ ಕಥೆ ಅರ್ಧ ಸತ್ತಿತು. ಬುದ್ಧಿಯಿರುವ ಯಾರೂ ಹಾಗೆ ಹೋಗುವುದಿಲ್ಲ, ಹೊದಿಕೆ ಎಳೆದುಕೊಂಡು ಮಲಗುತ್ತಾರೆ. ನಮ್ಮ ಕಡೆ ರಾತ್ರಿ ಹೊರಗೆ ಹೋಗಲು ಬೇಕಾದಷ್ಟು ನಿಜವಾದ ಕಾರಣಗಳಿವೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಸರಿರಾತ್ರಿಯ ಪಾಳಿಯಲ್ಲಿ ಬಂದರೆ ರೈತ ಆಗಲೇ ಟಾರ್ಚ್ ಹಿಡಿದು ಮೋಟಾರ್ ಹಾಕಲು ಹೋಗಬೇಕು. ನಾಲೆ ನೀರಿನ ಸರದಿ ತಪ್ಪಿದರೆ ಗದ್ದೆ ಒಣಗುತ್ತದೆ. ಮದುವೆ ಅಡುಗೆಯವರು ಕೋಳಿ ಕೂಗುವ ಮುಂಚೆಯೇ ಛತ್ರದ ಒಲೆ ಹಚ್ಚಬೇಕು.

ಇನ್ನೂ ಒಳ್ಳೆಯದು ಓಡಿಹೋಗಲಾರದ ಕಾರಣ. ಆಲೆಮನೆಯನ್ನು ಯೋಚಿಸಿ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿದೆ. ಒಂದು ಗಳಿಗೆ ಬಿಟ್ಟರೆ ಸೀದು ಇಡೀ ಅಡುಗೆ ಹಾಳು, ಯಜಮಾನನ ಬೈಗುಳ ಬೇರೆ. ಕೆಳಗೆ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ಒಡ್ಡುವವನಿಗೆ ಮೇಲೆ ಕೊಪ್ಪರಿಗೆಯ ಹತ್ತಿರ ಯಾರಿದ್ದಾರೆಂದು ಕಾಣುವುದಿಲ್ಲ, ಮೇಲಿನವನಿಗೆ ಕೆಳಗೆ ಸಿಪ್ಪೆ ಒಡ್ಡುತ್ತಿರುವ ಕೈ ಯಾರದೆಂದು ಕಾಣುವುದಿಲ್ಲ. ಉರಿ ಮಾತ್ರ ಸರಿಯಾಗಿ ಬರುತ್ತಿದೆ. ಒಲೆಯವನು ಊಟಕ್ಕೆ ಹೋಗಿ ಬಹಳ ಹೊತ್ತಾಯಿತೆಂದು ಮೇಲಿನವನಿಗೆ ನೆನಪಾಗುವ ಕ್ಷಣವೇ ನಿಮ್ಮ ಕಥೆ. ಅವನು ಹುಟ್ಟು ಬಿಟ್ಟು ಏಳುವಂತಿಲ್ಲ, ಪಾಕ ತಿರುವುತ್ತಲೇ ಇರಬೇಕು.

ಮೊಬೈಲ್ ಬಗ್ಗೆ ಒಂದು ಮಾತು. ಬ್ಯಾಟರಿ ಮುಗಿಯಿತು, ಸಿಗ್ನಲ್ ಹೋಯಿತು ಎಂಬ ಉಪಾಯ ಬೇಡ, ಅದು ಅಗ್ಗ. ಫೋನು ಚೆನ್ನಾಗಿ ನಡೆಯಲಿ. ಅತ್ತ ಕಡೆಯಿಂದ ಎತ್ತಿಕೊಂಡವರು ಯಾರು ಎಂಬುದಷ್ಟೇ ಪ್ರಶ್ನೆಯಾಗಲಿ.

ಹೆಜ್ಜೆ 4: ದೆವ್ವವನ್ನು ತೋರಿಸಬೇಡಿ, ಗುರುತನ್ನು ತೋರಿಸಿ

ಇದೇ ಇಡೀ ಕೆಲಸದ ಹೃದಯ, ಇಲ್ಲಿ ಆತುರ ಮಾಡಬೇಡಿ. ದೆವ್ವದ ಮುಖ ಬಣ್ಣಿಸಿದಷ್ಟೂ ಅದು ಮನುಷ್ಯನಾಗುತ್ತದೆ. ಅದು ಬಿಟ್ಟುಹೋದ ಒಂದು ಗುರುತನ್ನು ಸ್ಫುಟವಾಗಿ ಬಣ್ಣಿಸಿದರೆ ಮಿಕ್ಕಿದ್ದನ್ನು ಓದುಗನೇ ಕಟ್ಟಿಕೊಳ್ಳುತ್ತಾನೆ. ಅವನು ಕಟ್ಟಿಕೊಳ್ಳುವ ರೂಪ ನೀವು ಬರೆಯಬಹುದಾದ ಯಾವ ರೂಪಕ್ಕಿಂತಲೂ ಕೆಟ್ಟದಾಗಿರುತ್ತದೆ. ನಮ್ಮ ಎಡೆಯ ಕಥೆಯಲ್ಲಿ ಬಾಗಿಲು ತೆರೆದಾಗಿನ ತುಣುಕು ಹೀಗಿರಬಹುದು:

“ಬಾಗಿಲು ತೆರೆದಾಗ ಧೂಪದ ಹೊಗೆ ಇನ್ನೂ ಕರಗಿರಲಿಲ್ಲ. ಅಪ್ಪ ಮೊದಲು ಒಳಗೆ ಹೋದ. ತಾತನ ಎಲೆಯ ಮುಂದೆ ನಿಂತ. ವಡೆ, ಪಾಯಸ, ಬೀಡಿ ಕಟ್ಟು ಇಟ್ಟಲ್ಲೇ ಇದ್ದವು. ಮುದ್ದೆ ಮಾತ್ರ ಉಣ್ಣುವವನ ಎಡಗಡೆಯಿಂದ ಒಂದು ತುತ್ತಿನಷ್ಟು ಮುರಿದಿತ್ತು. ಮುರಿದ ಕಡೆ ಹೆಬ್ಬೆರಳು ಊರಿದ ಗುಳಿ, ಗುಳಿಯೊಳಗೆ ಸಣ್ಣ ಗೆರೆಗಳು. ‘ಬೆಕ್ಕು ನುಗ್ಗಿರಬೇಕು’ ಎಂದ ಅಪ್ಪ. ಅವನ ಕೈ ಪಂಚೆಯ ಅಂಚನ್ನು ಒರೆಸುತ್ತಿತ್ತು. ಅಮ್ಮ ಮಾತಾಡಲಿಲ್ಲ. ಹಿತ್ತಲಿಗೆ ಹೋಗಿ ಇನ್ನೊಂದು ಬಾಳೆಲೆ ಕೊಯ್ದು ತಂದು, ತೊಳೆದು, ತಾತನ ಎಲೆಯ ಪಕ್ಕದಲ್ಲಿ ಹಾಸಿದಳು.”

ಇಲ್ಲಿ ಯಾರೂ ಕಿರುಚಲಿಲ್ಲ. ‘ಚಿಕ್ಕಪ್ಪ ಸತ್ತಿದ್ದಾನೆ’ ಎಂದು ಯಾರೂ ಹೇಳಲಿಲ್ಲ. ಅಮ್ಮ ಹಾಸಿದ ಎಲೆ ಅದನ್ನು ಹೇಳಿತು. ಕ್ರಯಪತ್ರದಲ್ಲಿ ಸುಳ್ಳಾಗಿ ಬಿದ್ದ ಹೆಬ್ಬೆಟ್ಟು ಮುದ್ದೆಯ ಮೇಲೆ ನಿಜವಾಗಿ ಬಿದ್ದಿದೆ, ಆ ಮಾತನ್ನೂ ನೀವು ಬಾಯಿಬಿಟ್ಟು ಹೇಳಕೂಡದು. ತುಣುಕನ್ನು ತಿದ್ದುವಾಗ ನನಗೆ ಬೆನ್ನಲ್ಲೇ ಕಾಡುವ ಆಸೆ ಎಂದರೆ ‘ಎಲ್ಲರ ಮೈ ಜುಮ್ಮೆಂದಿತು’ ಎಂದು ಸೇರಿಸುವುದು. ಆ ಸಾಲು ಬಂದರೆ ಹೊಡೆದುಹಾಕಿ. ಮೈ ಜುಮ್ಮೆನ್ನಬೇಕಾದದ್ದು ಓದುಗನದು. ಪಾತ್ರಗಳೇ ಮುಂಚೆ ನಡುಗಿ ಮುಗಿಸಿದರೆ ಅವನಿಗೇನು ಉಳಿಯಿತು?

ಸಂಭಾಷಣೆಯಲ್ಲಿ ಮಂಡ್ಯದ ಮಾತನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಆ ಮಾತಿನ ಖದರು ನಗೆಗೆ ಒದಗುವುದನ್ನೇ ಸಿನಿಮಾಗಳು ನಮಗೆ ಕಲಿಸಿವೆ. ಭಯದ ಕಥೆಯಲ್ಲಿ ಅದೇ ಮಾತು ತೀರಾ ಕಡಿಮೆ ಪದಗಳಲ್ಲಿ ಬರಲಿ. ಅಂಜಿದ ಮನುಷ್ಯ ಉದ್ದ ವಾಕ್ಯ ಆಡುವುದಿಲ್ಲ, ಅಂಜಿಲ್ಲವೆಂದು ತೋರಿಸಿಕೊಳ್ಳುವವನು ಮಾತ್ರ ಆಡುತ್ತಾನೆ.

ಹೆಜ್ಜೆ 5: ಎರಡು ಕಾರಣಗಳೂ ನಿಲ್ಲುವಂತೆ ಬರೆಯಿರಿ

ತಲಕಾಡಿಗೆ ಹೋಗಿ ಮರಳಿನ ಮೇಲೆ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಕಾಲದ ಕಥೆ: ಒಡವೆಗಾಗಿ ಅರಮನೆಯ ಕಡೆಯವರು ಬೆನ್ನುಹತ್ತಿದಾಗ, ಅಲ್ಲಿ ಹಿಂದೆ ಆಳುತ್ತಿದ್ದವನ ಹೆಂಡತಿ ಅಲಮೇಲಮ್ಮ “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ” ಎಂದು ಶಪಿಸಿ ಕಾವೇರಿಗೆ ಬಿದ್ದಳೆಂದು ಜನ ಹೇಳುತ್ತಾರೆ. ಇನ್ನೊಂದು ಕಡೆ, ಕಾವೇರಿಗೆ ಅಡ್ಡ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ನದಿಯ ಪಾತ್ರ ಬದಲಾಗಿ ಮರಳು ಬಯಲಾಯಿತು, ಮುಂಗಾರಿನ ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಎಂಬ ವಿವರಣೆಯೂ ಇದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಗುಡಿಗಳು ಮರಳಿನಲ್ಲಿ ಹೂತಿರುವುದು ಸುಳ್ಳಾಗುವುದಿಲ್ಲ. ನಿಮ್ಮ ಕಥೆಯೂ ಹಾಗಿರಲಿ. ಮುದ್ದೆಯನ್ನು ಬೆಕ್ಕು ಮುಟ್ಟಿರಲೂಬಹುದು ಎಂಬ ಕಿಂಡಿ ಇರಲಿ, ಕೊನೆಯವರೆಗೂ ಅದನ್ನು ಮುಚ್ಚಬೇಡಿ. ಕಿಂಡಿ ತೆರೆದಿದ್ದೂ ಓದುಗ ಅದರಿಂದ ಹೊರಗೆ ಹೋಗಲು ಒಪ್ಪದಿದ್ದರೆ ಕಥೆ ಗೆದ್ದ ಹಾಗೆ. ಕೊನೆಗೆ ‘ಎಲ್ಲವೂ ಕನಸು’ ಅಥವಾ ‘ಅವನಿಗೆ ಮನೋರೋಗ’ ಎಂದು ಬರೆಯುವವರ ಕಥೆಯನ್ನು ನಾನು ಎರಡನೆಯ ಸಲ ಓದುವುದಿಲ್ಲ.

ಹೆಜ್ಜೆ 6: ಕವಿತೆಗೆ ಲಯವೇ ಕತ್ತಲೆ

ಕರಾಳ ಕವಿತೆಯ ಕರಡು ಸಿದ್ಧವಾದ ಮೇಲೆ ಅದರಲ್ಲಿರುವ ಕತ್ತಲೆ, ರಕ್ತ, ಮೌನ, ಸ್ಮಶಾನ ಎಂಬ ನಾಲ್ಕು ಪದಗಳನ್ನು ಹೊಡೆದುಹಾಕಿ ನೋಡಿ. ಏನೂ ಉಳಿಯದಿದ್ದರೆ ಬರೆದದ್ದು ಪದಗಳ ಪಟ್ಟಿ.

ಅಕ್ಷರ ನುಡಿಯುವ ಕಾಲವನ್ನು ಮಾತ್ರೆಯಲ್ಲಿ ಅಳೆದು ಸಾಲು ಕಟ್ಟುವ ಕನ್ನಡದ ಮಾತ್ರಾಗಣ ಭಯಕ್ಕೆ ಹೇಳಿ ಮಾಡಿಸಿದ ಹತ್ಯಾರು. ಮೂರು ಮಾತ್ರೆಯ ನಡಿಗೆ ದುಡುಕುತ್ತದೆ, ಹಿಂದಿನಿಂದ ಯಾರೋ ಬರುತ್ತಿದ್ದಾರೆಂಬ ಅವಸರ ಅದರಲ್ಲಿ ತಾನಾಗಿ ಬರುತ್ತದೆ:

ಮರಳ ಮೇಲೆ ಹೆಜ್ಜೆ ಇಲ್ಲ,
ಮರಳು ಮಾತ್ರ ನಡೆದುಬಂತು.

ಐದು ಮಾತ್ರೆಯದು ಕುಂಟುತ್ತದೆ, ಕಾಲೆಳೆದು ಹತ್ತಿರ ಬರುತ್ತದೆ:

ಬಾಗಿಲಲಿ ನಿಂತವಳು ಒಳಗೆಯೇ ಇದ್ದವಳು
ಕೂಗಿದರೆ ಓಗೊಡದೆ ಹೆಸರನ್ನೆ ಕೇಳಿದಳು.

ಎರಡನೆಯ ಜೋಡಿಯಲ್ಲಿ ಪ್ರತಿ ಸಾಲಿಗೂ ಐದೈದರ ನಾಲ್ಕು ಗಣ. ಎರಡು ಸಾಲಿನ ಎರಡನೆಯ ಅಕ್ಷರವೂ ಗಕಾರ, ಅಂದರೆ ಆದಿಪ್ರಾಸ. ಅಂತ್ಯಪ್ರಾಸ ಸಾಲಿಗೆ ಬೀಗ ಹಾಕಿ ಓದುಗನಿಗೆ ಸಮಾಧಾನ ಕೊಟ್ಟುಬಿಡುತ್ತದೆ. ಆದಿಪ್ರಾಸ ಸಾಲಿನ ಆರಂಭದಲ್ಲೇ ತಟ್ಟಿ, ಉಳಿದ ಸಾಲನ್ನು ತೆರೆದಿಡುತ್ತದೆ. ಹಳೆಯ ಕವಿಗಳು ಅದನ್ನು ಬಿಡದೆ ಪಾಲಿಸಿದ್ದು ಬರೀ ಚಟಕ್ಕಲ್ಲ. ಹಾಡಿನ ಎಳೆತಕ್ಕೆ ಹೊಂದುವ ಅಂಶಗಣ ಬಲ್ಲವರು ಮೂರು ಸಾಲಿನ ತ್ರಿಪದಿಯನ್ನೂ ಪ್ರಯತ್ನಿಸಬೇಕು. ಹಾಡುವಾಗ ಅದರ ಎರಡನೆಯ ಸಾಲು ಮರಳಿ ಬರುತ್ತದೆ. ಮೊದಲ ಸಲ ಸುಮ್ಮನೆ ಕೇಳಿದ ಮಾತು ಎರಡನೆಯ ಸಲಕ್ಕೆ ಬೇರೆ ಅರ್ಥ ಕೊಡುವಂತೆ ಬರೆದರೆ ಬೆನ್ನುಹುರಿಯಲ್ಲಿ ನೀರು ಹರಿದಂತಾಗುತ್ತದೆ. ಈ ಕಿವಿ ಬೇಕಿದ್ದರೆ ಮಂಟೇಸ್ವಾಮಿಯ ಕಥೆ ಹಾಡುವ ಮಳವಳ್ಳಿ ಕಡೆಯ ನೀಲಗಾರರ ತಂಬೂರಿ ಪದಗಳನ್ನು ಒಂದು ಇಡೀ ರಾತ್ರಿ ಕೂತು ಕೇಳಿ.

ಛಂದಸ್ಸು ಒಗ್ಗದವರಿಗೆ ಮುಕ್ತ ಛಂದವೂ ಸಾಕು, ಆದರೆ ಆಗ ಚಿತ್ರ ಇನ್ನೂ ಗಟ್ಟಿಯಾಗಿರಬೇಕು. ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಕೂರಿಸಿದ ಪಟ್ಟದ ಗೊಂಬೆಗಳನ್ನು ವಿಜಯದಶಮಿ ಕಳೆದ ಮೇಲೆ ಮಲಗಿಸುವ ಪದ್ಧತಿ ಇದೆಯಲ್ಲ, ಅದರ ಮೇಲೆ ನಾಲ್ಕು ಸಾಲು:

ವಿಜಯದಶಮಿಯ ರಾತ್ರಿ
ರಾಜ ರಾಣಿಯರನ್ನು ಮಲಗಿಸಿದೆವು.
ಬೆಳಗ್ಗೆ ಪೆಟ್ಟಿಗೆಗೆ ಎತ್ತಿಡುವಾಗ
ರಾಣಿಯ ಕೈ ರಾಜನ ಕತ್ತಿನ ಮೇಲಿತ್ತು.

ಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಮರೆಯಬೇಡಿ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದೆಲ್ಲ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಶಾಸನಗಳನ್ನು ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಮೈಸೂರು, ಮಂಡ್ಯ ಸಂಪುಟಗಳನ್ನು ತೆರೆದು ನಿಮ್ಮ ತಾಲ್ಲೂಕಿನ ಪುಟಗಳನ್ನು ಓದಿ. ಅಷ್ಟು ನಿರ್ವಿಕಾರವಾಗಿ, ಲೆಕ್ಕ ಬರೆದಂತೆ ಶಪಿಸುವುದನ್ನು ಕಲಿಯಬೇಕು.

ಹೆಜ್ಜೆ 7: ಮುಟ್ಟಬಾರದ ಕಡೆ

ಸುಮ್ಮನೆ ಒಂದೆರಡು ಮಾತು. 2018ರಲ್ಲಿ ಪಾಂಡವಪುರ ತಾಲ್ಲೂಕಿನಲ್ಲಿ ಬಸ್ ನಾಲೆಗೆ ಬಿದ್ದು 30 ಜನ ಸತ್ತರು. ಅಂಥ ದುರಂತದಲ್ಲಿ ಹೋದವರನ್ನು ದೆವ್ವ ಮಾಡಿ ಬರೆಯಬೇಡಿ. ಅವರ ಮನೆಯವರು ಅದೇ ನಾಲೆಯ ನೀರಿನಲ್ಲಿ ಗದ್ದೆ ಮಾಡುತ್ತಿದ್ದಾರೆ, ನಿಮ್ಮ ಕಥೆಯನ್ನು ಓದುತ್ತಾರೆ. ಮಾಟ ಮಾಡುವವನೆಂದರೆ ಇಂಥ ಜಾತಿಯವನೇ, ದೆವ್ವ ಹಿಡಿಯುವುದು ಗಂಡ ಸತ್ತ ಹೆಂಗಸಿಗೇ ಎಂಬ ಹಳೆಯ ಅಚ್ಚು ಕ್ರೂರವೂ ಹೌದು, ಹಳಸಲೂ ಹೌದು. ವಾಮಾಚಾರದ ವಿರುದ್ಧ ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ. ಕಥೆಯಲ್ಲಿ ಮಾಟ ಬರಲಿ, ಮಾಡುವ ವಿಧಾನದ ವಿವರ ಬೇಡ. ಹೇಗೂ ವಿಧಾನದಿಂದ ಯಾರಿಗೂ ಭಯವಾಗುವುದಿಲ್ಲ.

ಹೆಜ್ಜೆ 8: ತಿದ್ದುವುದು, ಕಳಿಸುವುದು

ಕಥೆ 1500ರಿಂದ 2000 ಪದದೊಳಗೆ ಮುಗಿಯಲಿ. ಭಯ ಉದ್ದಕ್ಕೆ ಎಳೆದರೆ ಬಳಲುತ್ತದೆ. ಕರಡನ್ನು ಕೆಲವು ದಿನ ಮುಚ್ಚಿಟ್ಟು, ಆಮೇಲೆ ಹಗಲು ಹೊತ್ತಿನಲ್ಲಿ, ಜನ ಓಡಾಡುವ ಕಡೆ ಕುಳಿತು ಓದಿ. ರಾತ್ರಿ ಒಬ್ಬರೇ ಓದಿದರೆ ಎಂಥ ಕಥೆಯೂ ಹೆದರಿಸುತ್ತದೆ, ಅದರಲ್ಲಿ ನಿಮ್ಮ ಸಾಧನೆ ಏನೂ ಇಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆಯ ಗದ್ದಲದಲ್ಲೂ ಯಾವ ಸಾಲು ನಿಮ್ಮನ್ನು ನಿಲ್ಲಿಸುತ್ತದೋ ಅದೇ ನಿಜವಾದ ಸಾಲು. ಅದರ ಹಿಂದೆ ಮುಂದೆ ಇರುವ ವಿಶೇಷಣಗಳನ್ನು ತೆಗೆಯಿರಿ. ಆಮೇಲೆ ಕೊನೆಯ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ; ಬಹಳ ಸಲ ಕಥೆ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಓದಿ ಹೇಳಲು ಸಾಹಿತ್ಯ ಬಲ್ಲ ಗೆಳೆಯರಿಗಿಂತ ಮನೆಯ ಹಿರಿಯ ಹೆಂಗಸರು ಮೇಲು. ಎಡೆಯ ಕಥೆಯನ್ನು ಅವರಿಗೆ ಓದಿದರೆ ಮೊದಲು ಬರುವ ಮಾತು ಭಯದ್ದಾಗಿರುವುದಿಲ್ಲ. ‘ಎಡೆಗೆ ನೀರಿನ ಚೊಂಬು ಇಟ್ಟಿಲ್ಲವಲ್ಲ’ ಎನ್ನುತ್ತಾರೆ. ಬರೆದುಕೊಳ್ಳಿ, ನೇಮದಲ್ಲಿ ತಪ್ಪಿದ್ದರೆ ದೆವ್ವವೂ ನಂಬುವುದಿಲ್ಲ.

ಕಳಿಸುವ ವಿಚಾರಕ್ಕೆ ಬಂದರೆ, ಮಯೂರ, ತುಷಾರದಂಥ ಮಾಸಪತ್ರಿಕೆಗಳಿವೆ. ದೀಪಾವಳಿ ವಿಶೇಷಾಂಕಗಳ ಕಥೆ, ಕವನ ಸ್ಪರ್ಧೆಗಳ ಪ್ರಕಟಣೆ ತಿಂಗಳುಗಳ ಮೊದಲೇ ಬರುತ್ತದೆ. ಪದಮಿತಿಯನ್ನು ಗಮನವಿಟ್ಟು ಓದಿ. ಜೊತೆಗೆ ಇಡುವ ಪತ್ರದಲ್ಲಿ ‘ಇದು ಭಯಾನಕ ಕಥೆ’ ಎಂದು ಬರೆಯಬೇಡಿ. ಹೆಸರು, ವಿಳಾಸ, ಪದಗಳ ಲೆಕ್ಕ ಇದ್ದರೆ ಸಾಕು.